ಫಿನ್‌ಲೆಂಡಿನಲ್ಲಿ ಪೂರ್ವಿಕರ ಸಮಾಧಿ ಹುಡುಕಲು ಹೊರಡುವವರಿಗೆ

ನಮ್ಮ ಅಳಿಯನ ಮುತ್ತಜ್ಜ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಶ್ಚಿಮ ಫಿನ್‌ಲೆಂಡಿನ ಲಾಪುವಾದಿಂದ ಅಮೆರಿಕದ ಮಿಷಿಗನ್ನಿಗೆ ವಲಸೆ ಹೋದವರು. ಆ ಮನೆತನದ ಮೂಲ ಹುಡುಕಿಕೊಂಡು ಮಗಳು ಮತ್ತು ಅಳಿಯ ಹೊರಟಾಗ ನಾನೂ ಜೊತೆಗಿದ್ದೆ. ಹೊರದೇಶಗಳಲ್ಲಿ ಇಂಥ ನಂಟು ಬೆಳೆಸಿರುವ ಕನ್ನಡ ಕುಟುಂಬಗಳು ಈಗ ಕಡಿಮೆಯೇನಿಲ್ಲವಾದ್ದರಿಂದ, ಅದೇ ದಾರಿಯಲ್ಲಿ ಹೋಗುವವರಿಗೆ ಕೆಲವು ಮಾತು.

ಮೊದಲನೆಯದಾಗಿ, ಹಳೆಯ ಸಮಾಧಿಗಳು ಸಿಗುತ್ತವೆಂಬ ನಿರೀಕ್ಷೆ ಬೇಡ. ಅಲ್ಲಿ ಸಮಾಧಿಯ ಜಾಗವನ್ನು ನಿಗದಿತ ಅವಧಿಗೆ ಮಾತ್ರ ಕೊಡುತ್ತಾರೆ. 2004ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಒಂದು ಸಲಕ್ಕೆ 50 ವರ್ಷಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮನೆಯವರು ನವೀಕರಿಸದಿದ್ದರೆ ಕಲ್ಲು ತೆಗೆದು ಜಾಗವನ್ನು ಬೇರೆಯವರಿಗೆ ಕೊಡಬಹುದು. ಬಡ ರೈತರ ಸಮಾಧಿಗಳ ಮೇಲೆ ಇದ್ದದ್ದೇ ಮರದ ಶಿಲುಬೆ, ಅದು ಎಂದೋ ಕೊಳೆತುಹೋಗಿರುತ್ತದೆ. ಹೀಗಾಗಿ 1870ರಲ್ಲಿ ತೀರಿಕೊಂಡವರನ್ನು ಹುಡುಕಬೇಕಾದದ್ದು ಸ್ಮಶಾನದಲ್ಲಲ್ಲ, ಚರ್ಚಿನ ದಾಖಲೆಗಳಲ್ಲಿ; ಅದನ್ನು ಮನೆಯಲ್ಲಿಯೇ ಕುಳಿತು ಮಾಡಬಹುದು.

ಫಿನ್‌ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದಾಗ ಬಂದ 1686ರ ಚರ್ಚ್ ಕಾನೂನು ಪಾದ್ರಿಗಳು ದಾಖಲೆ ಪುಸ್ತಕಗಳನ್ನು ಇಡಬೇಕೆಂದು ವಿಧಿಸಿತ್ತು. ಫಿನ್‌ಲೆಂಡಿನ ವಂಶಾವಳಿ ಸಂಘದ ಹಿಸ್ಕಿ ಎಂಬ ಉಚಿತ ಡೇಟಾಬೇಸಿನಲ್ಲಿ ಹಳೆಯ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿ ದಾಖಲೆಗಳ ಸೂಚಿ ಇದೆ. ಆದರೆ ಸೂಚಿಯನ್ನಷ್ಟೇ ನಂಬಬಾರದು. ರಾಷ್ಟ್ರೀಯ ಪತ್ರಾಗಾರದ ಆಸ್ತಿಯಾ ತಾಣದಲ್ಲಿ ಮೂಲ ಪುಟದ ಚಿತ್ರ ನೋಡಿ, ಸತ್ತ ದಿನ, ಹೂಳಿದ ದಿನ, ಹಳ್ಳಿ, ಕಾಯಿಲೆ ಮತ್ತು ವಯಸ್ಸನ್ನು ಬರೆದುಕೊಳ್ಳಬೇಕು. ಹಲವೆಡೆ ವಯಸ್ಸನ್ನು ವರ್ಷ, ತಿಂಗಳು, ದಿನಗಳಲ್ಲಿಯೇ ಕೊಟ್ಟಿರುವುದರಿಂದ ಹುಟ್ಟಿದ ದಿನವನ್ನು ಲೆಕ್ಕ ಹಾಕಲು ಬರುತ್ತದೆ.

ತೊಡಕು ಹೆಸರಿನದು. ಫಿನ್ನಿಷ್ ಮಾತನಾಡುವ ಊರಿನಲ್ಲಿಯೂ ಪಾದ್ರಿಗಳು ಬಹುಕಾಲ ಸ್ವೀಡಿಷ್ ಭಾಷೆಯಲ್ಲಿಯೇ ಬರೆಯುತ್ತಿದ್ದುದರಿಂದ, ಮನೆಯಲ್ಲಿ ಯುಹೋ ಎನಿಸಿಕೊಂಡವನು ಪುಸ್ತಕದಲ್ಲಿ ಯುಹಾನ್ ಆಗಿರುತ್ತಾನೆ. ಪಶ್ಚಿಮ ಭಾಗದಲ್ಲಿ, ನಮ್ಮ ಮಲೆನಾಡಿನಂತೆ, ಮನೆಯ ಹೆಸರಿನಿಂದಲೇ ಜನರನ್ನು ಗುರುತಿಸುತ್ತಿದ್ದರು. ಮನೆಅಳಿಯನಾಗಿ ಬೇರೆ ಮನೆಗೆ ಹೋದವನಿಗೆ ಆ ಮನೆಯ ಹೆಸರೇ ಅಂಟಿಕೊಳ್ಳುತ್ತಿತ್ತು. ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿಯೂ ಇತ್ತಾದ್ದರಿಂದ, ಜನನದ ದಾಖಲೆ ಸಿಕ್ಕೊಡನೆ ಸಮಾಧಿಯ ಪಟ್ಟಿಯನ್ನೂ ನೋಡದೆ ಮುಂದುವರಿಯಬೇಡಿ. 1868ರ ಪುಟಗಳಿಗೆ ಬಂದಾಗ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಬರಗಾಲ ಮತ್ತು ಅದರ ಬೆನ್ನಿಗೆ ಬಂದ ಜ್ವರದಲ್ಲಿ ಸತ್ತವರ ಸಾಲುಗಳಿಗೆ ಕೊನೆಯೇ ಇಲ್ಲ, ಒಂದೇ ಮನೆಯ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ.

ಇಷ್ಟಾದ ಮೇಲೆ ಟಿಕೆಟ್ ತೆಗೆಯಿರಿ. ಹೆಲ್ಸಿಂಕಿಯಿಂದ ಸೆಯ್ನಾಯೊಕಿಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ಲಾಪುವಾ ಹತ್ತಿರ. ಚಳಿಗಾಲದಲ್ಲಿ ಕಲ್ಲುಗಳು ಹಿಮದಡಿ ಹೂತಿರುವುದರಿಂದ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಹೌತಹಾಕು ಎಂಬ ತಾಣದಲ್ಲಿ ಅನೇಕ ಪ್ಯಾರಿಷ್‌ಗಳ (ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶಗಳ) ಸಮಾಧಿ ಸಂಖ್ಯೆ ಸಿಗುತ್ತದೆ. ಸಿಗದಿದ್ದರೆ ಪ್ಯಾರಿಷ್ ಕಚೇರಿಗೆ ಮೊದಲೇ ಪತ್ರ ಬರೆಯಿರಿ, ಏಕೆಂದರೆ ಬಾಗಿಲು ತೆರೆದಿರುವ ಹೊತ್ತು ಕಡಿಮೆ. ಕಲ್ಲಿನ ಮೇಲೆ ಹುಟ್ಟಿಗೆ ‘ಎಸ್’, ಸಾವಿಗೆ ‘ಕೆ’ ಎಂಬ ಒಂದೇ ಅಕ್ಷರವಿರುತ್ತದೆ, ‘ಓ.ಎಸ್.’ ಎಂದಿದ್ದರೆ ಅದರ ಮುಂದಿನದು ಹೆಂಗಸಿನ ತವರಿನ ಹೆಸರು, ಅದನ್ನು ಬಿಡದೆ ಬರೆದುಕೊಳ್ಳಿ. ಪಾಚಿ ಕಟ್ಟಿದ ಗ್ರಾನೈಟ್ ಕಲ್ಲನ್ನು ಉಜ್ಜಲು ಹೋಗಬೇಡಿ. ನಲ್ಲಿಯ ಬಳಿ ಎಲ್ಲರ ಬಳಕೆಗೆಂದು ಇಟ್ಟಿರುವ ಡಬ್ಬಿಯಲ್ಲಿ ನೀರು ತಂದು ಸುರಿದು, ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಅಕ್ಷರಗಳು ಎದ್ದು ಕಾಣುತ್ತವೆ.

ಯುದ್ಧದಲ್ಲಿ ಮಡಿದವರನ್ನು ಆದಷ್ಟೂ ಹುಟ್ಟೂರಿಗೇ ತಂದು ಹೂಳುವುದು ಆ ದೇಶದ ಪದ್ಧತಿಯಾಗಿತ್ತು. 1939–44ರ ಯುದ್ಧಗಳ ಆ ಸಮಾಧಿ ಸಾಲುಗಳು ಸಾಮಾನ್ಯವಾಗಿ ಚರ್ಚಿನ ಪಕ್ಕದಲ್ಲಿಯೇ ಇರುತ್ತವೆ. ಊರಿನಲ್ಲಿ ಉಳಿದ ಕವಲಿನ ಹೆಸರುಗಳು ಸಿಗುವ ಸಾಧ್ಯತೆ ಅಲ್ಲಿ ಹೆಚ್ಚು. ನಿಮ್ಮ ಕುಟುಂಬ, ಆ ಯುದ್ಧಗಳಲ್ಲಿ ಫಿನ್‌ಲೆಂಡ್ ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟ ಪೂರ್ವದ ಕರೇಲಿಯಾ ಪ್ರದೇಶದ್ದಾಗಿದ್ದರೆ ಮಾತ್ರ ಸ್ಮಶಾನವೇ ಇಂದು ರಷ್ಯಾದಲ್ಲಿದೆ. ಆ ಭಾಗದ ಚರ್ಚ್ ದಾಖಲೆಗಳಿಗೆ ಕತಿಹಾ ಎಂಬ ಪ್ರತ್ಯೇಕ ಡೇಟಾಬೇಸ್ ಇದೆ, ಅಲ್ಲಿಂದಲೇ ಆರಂಭಿಸಿ.