ಹೊಂಗೆ ಮರದಡಿಯ ಮಾರುತಿ: ಬೀಡಿಂಗಿನ ಬೂಷ್ಟಿಗೆ ಕೊನೆಗೂ ಮೂಲ ಸಿಕ್ಕಿತು

ನಿನ್ನೆ ಸಂಜೆ ಕಾರಿನ ಎಡಬದಿಯ ಹಿಂದಿನ ಬಾಗಿಲಿನ ತಳದಿಂದ ಡಿಕಾಕ್ಷನ್ ಬಣ್ಣದ ನೀರು ಅರ್ಧ ಮಗ್ಗಿನಷ್ಟು ಸುರಿಯಿತು. ಅದರ ಹಿಂದೆಯೇ ಕೊಳೆತ ಹೊಂಗೆ ಹೂವಿನ ಒಂದು ಮುದ್ದೆ ಜಾರಿ ಬಿತ್ತು. ಐದು ವಾರಗಳಿಂದ ನನ್ನ ನಿದ್ದೆ ಕೆಡಿಸಿದ್ದ ಬೂಷ್ಟಿನ ತವರು ಅದೇ. ನೆಲದ ಮೇಲೆ ಕುಳಿತವನು ಬಹಳ ಹೊತ್ತು ಏಳಲೇ ಇಲ್ಲ. ಅಷ್ಟು ಸಂತೋಷವಾಗಿತ್ತು.

ಕಾರು 1998ರ ಮಾರುತಿ 800, ನನ್ನ ಸೋದರಮಾವನದು. ಮಲ್ಲೇಶ್ವರದಲ್ಲಿ ಅವರ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಎರಡು ಮಳೆಗಾಲ ಅಲುಗಾಡದೆ ನಿಂತಿತ್ತು. ಕಾರ್ಬ್ಯುರೇಟರ್, ಬ್ರೇಕ್, ಬ್ಯಾಟರಿ ಕೆಲಸಗಳು ಮುಗಿದಿವೆ, ಅವುಗಳಲ್ಲಿ ಬರೆಯುವಂತಹ ವಿಶೇಷವೇನೂ ಇಲ್ಲ. ನನ್ನನ್ನು ಕಟ್ಟಿಹಾಕಿದ್ದು ಕಿಟಕಿಯ ರಬ್ಬರ್ ಬೀಡಿಂಗ್, ಅಂದರೆ ಗಾಜಿಗೂ ಬಾಗಿಲಿಗೂ ನಡುವಿನ ಸಂದಿಯನ್ನು ಮುಚ್ಚುವ ಪಟ್ಟಿ.

ಗಾಜಿನ ಬುಡದಲ್ಲಿ, ಹೊರಗಿನ ಬೀಡಿಂಗಿನ ಉದ್ದಕ್ಕೂ ಹಸಿರು ಅಂಚು ಹೊಲಿದಂತೆ ಪಾಚಿ ಬೆಳೆದಿತ್ತು. ನಾವೆಲ್ಲ ಪಾಚಿ ಎಂದೇ ಕರೆಯುತ್ತೇವೆ, ಆದರೆ ಇದು ಹಾವಸೆ, ಇಂಗ್ಲಿಷಿನ ಮಾಸ್. ಭೂತಗನ್ನಡಿ ಹಿಡಿದು ನೋಡಿದೆ. ಬೇಸಿಗೆಯ ಹುಲ್ಲಿನಂತೆ ಒಣಗಿ ಮುದುಡಿದ ಎಲೆಗಳು, ನಡುನಡುವೆ ಕೂದಲೆಳೆಯಷ್ಟು ತೆಳ್ಳಗಿನ ಕಡ್ಡಿಗಳು, ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬುರುಡೆಗಳು. ಸ್ಪ್ರೇ ಬಾಟಲಿಯಿಂದ ಎರಡು ಸಲ ನೀರು ಚಿಮುಕಿಸಿದೆ. ಕಣ್ಣೆದುರೇ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡು ಹಸಿರಾದವು. ಸತ್ತಿದೆ ಎಂದು ನಾನು ಅಂದುಕೊಂಡಿದ್ದುದು ಮಳೆಗಾಗಿ ಕಾಯುತ್ತಿತ್ತು.

ಇದನ್ನು ನೋಡುವ ಮೊದಲೇ ಬಲಬದಿಯ ಮುಂದಿನ ಬಾಗಿಲಿನಲ್ಲಿ ದೊಡ್ಡ ತಪ್ಪು ಮಾಡಿದ್ದೆ. ಒಣಗಿದ್ದಾಗಲೇ ಟೂತ್‌ಬ್ರಷ್ಷಿನಿಂದ ಉಜ್ಜಿಬಿಟ್ಟಿದ್ದೆ. ಪುಡಿಯಾದ ಹಾವಸೆ ನೇರವಾಗಿ ಗಾಜಿನ ಚಾನೆಲ್ ಒಳಗೆ, ಅಂದರೆ ಗಾಜು ಜಾರುವ ಗಾಡಿಯೊಳಗೆ ಇಳಿಯಿತು. ಹಾವಸೆಯ ಒಂದು ತುಣುಕು ಉಳಿದರೂ ಸಾಕು, ತೇವ ಸಿಕ್ಕಿದರೆ ಹೊಸ ಗಿಡವಾಗುತ್ತದೆ. ಅದಕ್ಕೆ ನಿಜವಾದ ಬೇರೂ ಇಲ್ಲ. ಸಣ್ಣ ಎಳೆಗಳಿಂದ ಹಿಡಿದುಕೊಂಡು ನೀರನ್ನು ಮೈಯಿಂದಲೇ ಹೀರುತ್ತದೆ. ಆದ್ದರಿಂದ ಉಳಿದ ಮೂರು ಬಾಗಿಲುಗಳಲ್ಲಿ ಮೊದಲು ಚೆನ್ನಾಗಿ ನೆನೆಸಿ, ಹತ್ತು ನಿಮಿಷ ಬಿಟ್ಟು, ಐಸ್‌ಕ್ರೀಂ ಕಡ್ಡಿಯನ್ನು ಅಡಿಗೆ ತೂರಿಸಿ ಮೆಲ್ಲನೆ ಎತ್ತಿದೆ. ದೋಸೆ ಹೆಂಚಿನಿಂದ ಏಳುವಂತೆ ಗೇಣುದ್ದದ ಪಟ್ಟಿಗಳು ಇಡಿಯಾಗಿ ಎದ್ದುಬಂದವು. ಮರದ ಕಡ್ಡಿಯಾದ್ದರಿಂದ ಗಾಜಿಗೆ ಗೀರೂ ಬೀಳಲಿಲ್ಲ.

ಹಾವಸೆ ಹೋಯಿತು, ಬೂಷ್ಟು ಹೋಗಲಿಲ್ಲ. ಬಿಳಿ ವಿನೆಗರ್‌ಗೆ ಸಮಪಾಲು ನೀರು ಸೇರಿಸಿ, ಬಟ್ಟೆಯಲ್ಲಿ ಅದ್ದಿ ರಬ್ಬರಿನ ಮೇಲೆ ಕಾಲು ಗಂಟೆ ಹಾಸಿದೆ, ಉಜ್ಜಿದೆ, ತೊಳೆದೆ. ಚಾನೆಲ್ಲಿನ ಒಳಗಿರುವ ಮಖಮಲ್ಲಿನಂತಹ ಪದರಕ್ಕೆ ಔಷಧದ ಅಂಗಡಿಯಲ್ಲಿ ಸಿಗುವ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದೆ. ಮೂರು ದಿನ ಕಪ್ಪಗೆ ಮಿರುಗುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅದೇ ಜಾಗದಲ್ಲಿ ಬೂದಿ ಬಣ್ಣದ ಚುಕ್ಕೆಗಳು, ಬಾಗಿಲು ತೆರೆದರೆ ಹಳೆಯ ಗೋಣಿಚೀಲದ ವಾಸನೆ. ಮತ್ತೆ ತೊಳೆದೆ, ಮತ್ತೆ ಬಂತು. ಹೀಗೆ ಆರು ಸಲ.

ಸಲಹೆಗಳಿಗೆ ಕೊರತೆಯಿರಲಿಲ್ಲ. ಅತ್ತೆ ಕೊಬ್ಬರಿ ಎಣ್ಣೆ ಹಚ್ಚು ಎಂದರು. ಹೊಳಪು ಬರುತ್ತದೆ ನಿಜ, ಆದರೆ ಧೂಳು ಅಂಟುತ್ತದೆ, ಬೂಷ್ಟಿಗೆ ಊಟವೂ ಆಗುತ್ತದೆ. ಪಕ್ಕದ ಮನೆಯವರು ಸೀಮೆಎಣ್ಣೆ ಎಂದರು. ಬೀಡಿಂಗ್‌ಗಳು ಹೆಚ್ಚಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನವು; ಸೀಮೆಎಣ್ಣೆ, ಪೆಟ್ರೋಲ್, ಗ್ರೀಸ್ ತಾಗಿದರೆ ಊದಿಕೊಂಡು ಹಾಳಾಗುತ್ತವೆ. ಬ್ಲೀಚ್ ಸುರಿಯುವ ಯೋಚನೆ ನನಗೂ ಬಂದಿತ್ತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅದು ರಬ್ಬರನ್ನು ಹಾಳು ಮಾಡಬಹುದು, ತಗಡಿಗೆ ತುಕ್ಕು ಹಿಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿನೆಗರ್ ಉಳಿದಿರುವ ಜಾಗಕ್ಕೆ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ.

ಬೇಸತ್ತು ಹೊಸ ಬೀಡಿಂಗ್ ಹಾಕಿಸೋಣವೆಂದು ಜೆ.ಸಿ. ರಸ್ತೆಗೆ ಹೋದೆ. ಒಂದು ಅಂಗಡಿಯವರು ಒರಿಜಿನಲ್ ಎಂದು ಕೊಟ್ಟದ್ದು ಮಡಿಸಿದರೆ ಮುರಿಯುವಷ್ಟು ಗಟ್ಟಿ. ಆನ್‌ಲೈನಿನಲ್ಲಿ ತರಿಸಿದ ಸೆಟ್ಟಿನಲ್ಲಿ ಎಡಬದಿಯವೇ ನಾಲ್ಕು! ಬದಲಾಯಿಸಿ ಕೊಡಿ ಎಂದು ಹನ್ನೊಂದು ದಿನ ಫೋನ್ ಮಾಡಿದ ಮೇಲೆ, ತಿರುಗಿಸಿ ಹಾಕಿದರೆ ಬಲಬದಿಗೂ ಆಗುತ್ತದೆ ಎಂಬ ಉತ್ತರ ಬಂತು. ಆಗುವುದಿಲ್ಲ. ಗಾಜಿಗೆ ಒತ್ತಿಕೊಳ್ಳುವ ರಬ್ಬರ್ ತುಟಿಯ ಓರೆಯೇ ಬೇರೆ. ಶಿವಾಜಿನಗರದ ಗುಜರಿಯಲ್ಲಿ ಮಾತ್ರ ಒಬ್ಬ ಮುದುಕರು ಹಳೆಯ ಬಾಗಿಲೊಂದರಿಂದ ಬಿಡಿಸಿದ ಮೆತ್ತನೆಯ ಬೀಡಿಂಗ್ ಕೊಟ್ಟರು. ಅವರ ಕೈಗೆ ನಮಸ್ಕಾರ.

ಅಲ್ಲೇ ಮೂಲೆಯಲ್ಲಿ ಯೆಜ್ಡಿ ಬೈಕಿನ ಪೆಟ್ರೋಲ್ ಟ್ಯಾಂಕೊಂದು ಬಿದ್ದಿತ್ತು. ಆ ಬೈಕುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಅಲ್ಲಿಂದ ಬಂದ ಟ್ಯಾಂಕನ್ನು ಗುಜರಿಯಲ್ಲಿ ಬಿಟ್ಟುಬರಲು ಮನಸ್ಸಾಗಲಿಲ್ಲ. ಒಳಗೆ ತುಕ್ಕು ಪದರಪದರವಾಗಿದೆ. ಸಿಟ್ರಿಕ್ ಆಮ್ಲದ ಬಿಸಿನೀರು ತುಂಬಿಸಿ, ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ, ಕೊನೆಗೆ ಅಡುಗೆ ಸೋಡಾದಿಂದ ತೊಳೆಯಬೇಕು ಎಂದಿದ್ದೇನೆ. ತೊಳೆದ ತಕ್ಷಣ ಒಣಗಿಸದಿದ್ದರೆ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ, ಹೇರ್ ಡ್ರೈಯರ್ ಸಿದ್ಧವಿರಬೇಕು. ಡಿಸೆಂಬರಿನ ಒಣ ಹವೆಯಲ್ಲಿ ಶುರು ಮಾಡುತ್ತೇನೆ.

ಮೊನ್ನೆ ಟಿಂಕರಿಂಗ್ ಮೇಸ್ತ್ರಿ ಬಂಪರ್ ನೋಡಲು ಬಂದಿದ್ದರು. ನನ್ನ ಬೂಷ್ಟಿನ ಪುರಾಣವನ್ನು ಪೂರ್ತಿ ಕೇಳಿ, ಏನೂ ಹೇಳದೆ ಹಿಂದಿನ ಬಾಗಿಲನ್ನು ತೆರೆದು ಎರಡು ಸಲ ಜೋರಾಗಿ ಆಡಿಸಿದರು. ಒಳಗೆ ಗುಳಕ್ ಎಂದಿತು.

“ಸಾರ್, ನೀವು ಮೇಲೆ ಒರೆಸುತ್ತಿದ್ದೀರಿ, ನೀರು ಕೆಳಗಿದೆ” ಎಂದರು.

ಕಾರಿನ ಬಾಗಿಲು ನೀರನ್ನು ತಡೆಯುವ ಡಬ್ಬಿಯಲ್ಲ ಎಂಬುದು ನನಗೆ ಗೊತ್ತಿದ್ದ ಸಂಗತಿ. ಗಾಜಿನ ಮೇಲೆ ಹರಿದ ಮಳೆನೀರಲ್ಲಿ ಒಂದಿಷ್ಟು ಬೀಡಿಂಗ್ ದಾಟಿ ಒಳಗೆ ಇಳಿದೇ ಇಳಿಯುತ್ತದೆ. ತಳದ ಅಂಚಿನಲ್ಲಿರುವ ಸಣ್ಣ ತೂತುಗಳಿಂದ ಅದು ಹೊರಗೆ ಹೋಗಬೇಕು. ಹೊಂಗೆ ಹೂವು ಉದುರುವ ಕಾಲದಲ್ಲಿ ಆ ಬೀದಿಯೇ ಬೆಳ್ಳಗಾಗುತ್ತದೆ. ಎರಡು ವರ್ಷದ ಹೂವು ಗಾಜಿನ ಸಂದಿಯಿಂದ ಇಳಿದು, ಧೂಳಿನೊಂದಿಗೆ ಕಲೆತು, ತೂತುಗಳಿಗೆ ಬಿರಡೆ ಹಾಕಿತ್ತು. ಹಗಲಿನ ಬಿಸಿಲಿಗೆ ಆ ನೀರು ಆವಿಯಾಗಿ ಮೇಲೇರಿ, ರಾತ್ರಿಯ ತಂಪಿಗೆ ಚಾನೆಲ್ಲಿನಲ್ಲಿ ಹನಿಗಟ್ಟುತ್ತಿತ್ತು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಿನ ಬೆಂಗಳೂರಿನಲ್ಲಿ ಬೂಷ್ಟಿಗೆ ಇದಕ್ಕಿಂತ ಸುಖದ ಮನೆ ಬೇಕೆ?

ಗಾಜನ್ನು ಏರಿಸಿ ಇಳಿಸುವ ಹಿಡಿಯ ಕ್ಲಿಪ್ಪನ್ನು ಬಟ್ಟೆಯ ಪಟ್ಟಿಯಿಂದ ಬಿಡಿಸಿ ಒಳಗಿನ ಪ್ಯಾಡ್ ತೆಗೆದೆ. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆ ಎರಡು ಕಡೆ ಹರಿದಿತ್ತು, ಗೋಣಿಚೀಲದ ವಾಸನೆ ಬಂದದ್ದು ಅಲ್ಲಿಂದ. ತೂತುಗಳನ್ನು ಬಿಡಿಸಲು ತಂತಿ ಬಳಸಲಿಲ್ಲ, ಬಣ್ಣ ಕೆರೆದರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ದಪ್ಪ ಕೇಬಲ್ ಟೈ ಸಾಕಾಯಿತು. ಮಾಸ್ಕ್ ಹಾಕಿಕೊಂಡು ಕೆಸರನ್ನೆಲ್ಲ ಬಳಿದು, ತೊಳೆದು, ಪೂರ್ತಿ ಒಂದು ದಿನ ಬಿಸಿಲಿಗೆ ಬಾಗಿಲು ತೆರೆದಿಟ್ಟು, ಹೊಸ ಹಾಳೆ ಅಂಟಿಸಿದೆ. ಬೀಡಿಂಗಿಗೆ ಸಿಲಿಕೋನ್ ಲೂಬ್ರಿಕೆಂಟನ್ನು ಬಟ್ಟೆಯಲ್ಲಿ ತೆಗೆದುಕೊಂಡು ತೆಳ್ಳಗೆ ಸವರಿದೆ. ನೇರವಾಗಿ ಸ್ಪ್ರೇ ಮಾಡಿದರೆ ಗಾಜಿಗೆಲ್ಲ ಮಬ್ಬು ಹಿಡಿಯುತ್ತದೆ.

ಪೈಪಿನಿಂದ ಗಾಜಿನ ಮೇಲೆ ನೀರು ಬಿಟ್ಟು, ಬಾಗಿಲಿನ ಕೆಳಗೆ ಮಲಗಿ ನೋಡಿದೆ. ಎಲ್ಲ ತೂತುಗಳಿಂದಲೂ ನೀರು ಸಣ್ಣ ದಾರದಂತೆ ಇಳಿಯುತ್ತಿತ್ತು. ಅದನ್ನು ನೋಡಲು ಮಾವನನ್ನೂ ಕರೆದೆ. ಅವರೂ ಲುಂಗಿ ಎತ್ತಿಕಟ್ಟಿ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದರು. “ಇನ್ನೂ ಮೂರು ಬಾಗಿಲು ಇದೆಯಲ್ಲೋ” ಎಂದರು.

ಬಲಬದಿಯ ಮುಂದಿನದನ್ನು ನಾಳೆ ಬಿಚ್ಚುತ್ತೇನೆ. ನಾನು ಉಜ್ಜಿ ಪುಡಿ ಮಾಡಿದ ಹಾವಸೆಯೆಲ್ಲ ಆ ಬಾಗಿಲಿನ ಒಳಗಿದೆ.