ಮೀಟರಿನ ಡೋಮ್ ಯಾವ ಕಡೆ ನೋಡುತ್ತಿದೆ?

ಸ್ಟುಡಿಯೋದಲ್ಲಿ ಫ್ಲ್ಯಾಶ್ ಹಾಕಿ ಪೋರ್ಟ್ರೇಟ್ ತೆಗೆಯಲು ಲೈಟ್ ಮೀಟರ್ (ಬೀಳುವ ಬೆಳಕನ್ನು ಬಿಳಿ ಗುಮ್ಮಟದಂಥ ಡೋಮಿನಿಂದ ಅಳೆಯುವ ಕೈ ಉಪಕರಣ) ಕೊಂಡವರು ಬಹಳ ಸಲ ಒಂದೇ ರೀಡಿಂಗ್ ತೆಗೆದು ಅದನ್ನು ಬ್ಯಾಗಿಗೆ ಸೇರಿಸಿಬಿಡುತ್ತಾರೆ. ಎಕ್ಸ್‌ಪೋಶರ್ ಸರಿ ಬರುತ್ತದೆ, ಆದರೆ ಮುಖದ ನೆರಳು ಒಂದೊಂದು ದಿನ ಒಂದೊಂದು ಥರ. ಲೈಟುಗಳನ್ನು ಬಿಡಿಬಿಡಿಯಾಗಿ ಅಳೆಯದಿದ್ದರೆ ಹೀಗೇ ಆಗುವುದು.

ಮೀಟರಿಗೂ ಕ್ಯಾಮೆರಾಗೂ ಐಎಸ್‌ಒ 100, ಶಟರ್ 1/125 ಕೊಡಿ. ಮೀಟರ್ ಕಾರ್ಡ್‌ಲೆಸ್ ಫ್ಲ್ಯಾಶ್ ಮೋಡಿನಲ್ಲಿರಲಿ, ಆಗ ವೈರಿಲ್ಲದೆಯೂ ಫ್ಲ್ಯಾಶ್ ಹಾರಿದ ಕ್ಷಣವನ್ನು ಅದು ಹಿಡಿಯುತ್ತದೆ. ಫ್ಲ್ಯಾಶ್ ಟಿಟಿಎಲ್‌ನಲ್ಲಿದ್ದರೆ (ಕ್ಯಾಮೆರಾ ತಾನೇ ಪವರ್ ನಿರ್ಧರಿಸುವ ಮೋಡ್) ಮೊದಲು ಹಾರುವ ಸಣ್ಣ ಮಿಂಚನ್ನೇ ಮೀಟರ್ ಹಿಡಿದುಬಿಡಬಹುದು, ಹಾಗಾಗಿ ಮ್ಯಾನ್ಯುಯಲ್ ಮಾಡಿಕೊಳ್ಳಿ.

ಮೊದಲು ಕೀ ಲೈಟ್, ಅಂದರೆ ಮುಖ್ಯ ಲೈಟ್, ಒಂದನ್ನೇ ಉರಿಸಿ. ಮೀಟರನ್ನು ಗದ್ದದ ಹತ್ತಿರ ಹಿಡಿದು, ಬಿಳಿ ಡೋಮನ್ನು ಒಳಕ್ಕೆ ಇಳಿಸಿ, ನೇರ ಕೀ ಲೈಟಿನ ಕಡೆ ತಿರುಗಿಸಿ. ಮೀಟರಿನಲ್ಲಿ ಅಪರ್ಚರ್ ಎಫ್ 8 ಬರುವ ತನಕ ಲೈಟಿನ ಪವರ್ ಹೊಂದಿಸಿ. ಆಮೇಲೆ ಅದನ್ನು ಆಫ್ ಮಾಡಿ, ಫಿಲ್ (ನೆರಳನ್ನು ತಿಳಿಗೊಳಿಸುವ ಎರಡನೇ ಲೈಟ್) ಉರಿಸಿ, ಡೋಮನ್ನು ಅದರ ಕಡೆ ತಿರುಗಿಸಿ ಎಫ್ 5.6 ತನ್ನಿ. ಇದು ಒಂದು ಸ್ಟಾಪಿನ, ಅಂದರೆ ಬೆಳಕು ಇಮ್ಮಡಿಯಾಗುವಷ್ಟು, ವ್ಯತ್ಯಾಸ: ಕೀ ಎರಡು ಪಾಲು, ಫಿಲ್ ಒಂದು ಪಾಲು. ಆದರೆ ಕ್ಯಾಮೆರಾ ಪಕ್ಕದ ಫಿಲ್ ಮುಖದ ಎರಡೂ ಬದಿಗೆ ಬೀಳುತ್ತದಲ್ಲ, ಬೆಳಕಿನ ಬದಿಗೆ ಮೂರು ಪಾಲು, ನೆರಳಿನ ಬದಿಗೆ ಒಂದೇ ಪಾಲು ಸಿಗುತ್ತದೆ. ಈ 3:1 ಪೋರ್ಟ್ರೇಟಿಗೆ ಬಹಳ ಹಿತ. ಫಿಲ್ಲನ್ನು ಎಫ್ 4ಕ್ಕೆ ಇಳಿಸಿದರೆ 5:1, ನೆರಳು ಗಾಢವಾಗುತ್ತದೆ.

ಕೊನೆಗೆ ಎರಡನ್ನೂ ಉರಿಸಿ, ಡೋಮ್ ಹೊರಕ್ಕೆ ತೆಗೆದು, ಈ ಸಲ ಕ್ಯಾಮೆರಾ ಕಡೆ ತಿರುಗಿಸಿ. ಕ್ಯಾಮೆರಾಗೆ ಕೊಡಬೇಕಾದ ಅಪರ್ಚರ್ ಈ ರೀಡಿಂಗಿನದೇ ಹೊರತು ಬಿಡಿಯಾಗಿ ಅಳೆದದ್ದಲ್ಲ.

ಸೆಕೊನಿಕ್ ಮೀಟರುಗಳಲ್ಲಿ 8ರ ಪಕ್ಕ ಚಿಕ್ಕದಾಗಿ 3 ಕಂಡರೆ ಅದು 8.3 ಅಲ್ಲ, ಎಫ್ 8ರ ಮೇಲೆ ಸ್ಟಾಪಿನ ಹತ್ತನೇ ಮೂರು ಭಾಗ. ಕ್ಯಾಮೆರಾದಲ್ಲಿ ಒಂದು ಕ್ಲಿಕ್ (ಸ್ಟಾಪಿನ ಮೂರನೇ ಒಂದು ಭಾಗ), ಅಂದರೆ ಎಫ್ 9. ಚಿಕ್ಕ 7 ಇದ್ದರೆ ಎರಡು ಕ್ಲಿಕ್, ಎಫ್ 10.

ಪವರ್ ಇಳಿಸಿದ ಕೂಡಲೇ ಅಳೆಯಬೇಡಿ. ಹಳೆಯ ಅಥವಾ ಅಗ್ಗದ ಸ್ಟುಡಿಯೋ ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಮೊದಲಿನ ಚಾರ್ಜ್ ಉಳಿದಿರುತ್ತದೆ. ಒಂದು ಸಲ ಸುಮ್ಮನೆ ಹಾರಿಸಿ ಖಾಲಿ ಮಾಡಿ. ಒಂದೇ ಪವರಿನಲ್ಲಿ ನಾಲ್ಕು ಸಲ ಅಳೆದಾಗಲೂ ರೀಡಿಂಗ್ ಅರ್ಧ ಸ್ಟಾಪ್ ಓಲಾಡಿದರೆ ದೋಷ ಹೆಚ್ಚಾಗಿ ಲೈಟಿನದು, ಮೀಟರಿನದಲ್ಲ. ಅಳೆಯುವವರ ಮೈ ಲೈಟಿಗೆ ಅಡ್ಡ ಬರದಂತೆ ಕೈ ಚಾಚಿ ಹಿಡಿಯುವುದೂ ಮುಖ್ಯ. ಒಂದು ಮೀಟರ್ ದೂರದ ಲೈಟನ್ನು 1.4 ಮೀಟರಿಗೆ ಸರಿಸಿದರೆ ಸುಮಾರು ಒಂದು ಸ್ಟಾಪ್ ಹೋಗುತ್ತದೆ. ಹಾಗಾಗಿ ಸ್ಟ್ಯಾಂಡ್ ಅಲುಗಿದರೆ ಮತ್ತೆ ಅಳೆಯಲೇಬೇಕು.

ಬಿಳಿ ಬ್ಯಾಕ್‌ಗ್ರೌಂಡಿಗೆ ಮುಖಕ್ಕಿಂತ ಒಂದು ಸ್ಟಾಪ್ ಹೆಚ್ಚಿದ್ದರೆ ಸಾಕು. ಎರಡು ದಾಟಿದರೆ ಬೆಳಕು ಹಿಂದಿನಿಂದ ಸುತ್ತಿಕೊಂಡು ಬಂದು ಕೂದಲಿನ ಅಂಚನ್ನು ನುಂಗುತ್ತದೆ.

ಕಪ್ಪು ರೇಷ್ಮೆ ಸೀರೆ ಫ್ರೇಮ್ ತುಂಬಿದಾಗ ಕ್ಯಾಮೆರಾದೊಳಗಿನ ಮೀಟರ್ ಅದನ್ನು ಬೂದು ಮಾಡಲು ನೋಡುತ್ತದೆ. ಡೋಮಿಗೆ ಬಟ್ಟೆಯ ಬಣ್ಣದ ಹಂಗಿಲ್ಲ, ಬೀಳುವ ಬೆಳಕನ್ನಷ್ಟೇ ಅಳೆಯುತ್ತದೆ. ಆದರೆ ಜರಿ ಅಂಚು ಸಾಫ್ಟ್‌ಬಾಕ್ಸನ್ನು ಕನ್ನಡಿಯಂತೆ ಹೊಳೆಯಿಸುವುದು ಡೋಮಿಗೆ ಗೊತ್ತಾಗುವುದಿಲ್ಲ. ಅಲ್ಲಿ ಕ್ಯಾಮೆರಾದ ಹೈಲೈಟ್ ವಾರ್ನಿಂಗ್ (ಅತಿಯಾಗಿ ಬೆಳಗಿದ ಭಾಗವನ್ನು ಪರದೆಯಲ್ಲಿ ಮಿನುಗಿಸುವ ಎಚ್ಚರಿಕೆ) ಆನ್ ಮಾಡಿ, ಪರದೆಯಲ್ಲಿ ಜರಿ ಮಿನುಗುತ್ತಿದ್ದರೆ ಸಾಫ್ಟ್‌ಬಾಕ್ಸನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಮತ್ತೆ ಗದ್ದದ ಹತ್ತಿರ ಅಳೆಯಿರಿ.