ಹದಿನೆಂಟು ಲಕ್ಷ: ಸಂಬಳವೋ, ಬಿಲ್ಲೋ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಕೆಲಸ ಕೊಡುವಾಗ ನನ್ನ ಮುಂದೆ ಎರಡು ದಾರಿಗಳನ್ನು ಇಟ್ಟಿತ್ತು: ವರ್ಷಕ್ಕೆ 18 ಲಕ್ಷ ಸಿಟಿಸಿಯ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ನೌಕರಿ, ಇಲ್ಲವೇ ತಿಂಗಳಿಗೆ ಒಂದೂವರೆ ಲಕ್ಷದ ಬಿಲ್ ಕೊಡುವ ಕನ್ಸಲ್ಟೆಂಟ್. ನಾನು ಎರಡನೆಯದನ್ನು ಆರಿಸಿಕೊಂಡು ಮೂರು ವರ್ಷ ಹಾಗೆಯೇ ದುಡಿದೆ. ಅಂದಿನ ತೆರಿಗೆ ದರಗಳು ಬೇರೆಯಿದ್ದವು; ಓದುವವರಿಗೆ ಉಪಯೋಗವಾಗಲೆಂದು ಲೆಕ್ಕವನ್ನು 2025-26ರ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯ ದರಗಳಲ್ಲಿ ಹೇಳುತ್ತೇನೆ.

ಸಿಟಿಸಿಯ ಅರ್ಧ ಮೂಲವೇತನ ಎಂದಿಟ್ಟುಕೊಂಡರೆ, ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ) 1,08,000 ಮತ್ತು ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಬಾಬ್ತು ಸುಮಾರು 43,000 ಮೊದಲೇ ಕಳೆದುಹೋಗಿ, ಸಂಬಳ ಹದಿನಾರೂವರೆ ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಸಂಬಳದಾರರೆಲ್ಲರಿಗೂ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೂ ಸೆಸ್ ಸೇರಿ ಸುಮಾರು 1,20,000 ತೆರಿಗೆ ಬೀಳುತ್ತದೆ. ನೌಕರನ ಪಾಲಿನ ಪಿಎಫ್ ಮತ್ತು ವೃತ್ತಿ ತೆರಿಗೆಯೂ ಹೋಗಿ ಕೈಗೆ ಸಿಗುವುದು ತಿಂಗಳಿಗೆ 1,18,000ದಷ್ಟು.

ಕನ್ಸಲ್ಟೆಂಟ್‌ಗೆ ಆ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮು ನೆರವಿಗೆ ಬರುತ್ತದೆ. ಅದರ ಪ್ರಕಾರ ವೈದ್ಯರು, ವಕೀಲರು, ಎಂಜಿನಿಯರ್‌ಗಳು ಮತ್ತು ಮಾಹಿತಿ ತಂತ್ರಜ್ಞಾನದ ವೃತ್ತಿಯವರು ಬಂದ ಹಣದ ಅರ್ಧವನ್ನು ಆದಾಯವೆಂದು ತೋರಿಸಬಹುದು. ಖರ್ಚಿನ ರಸೀದಿಗಳನ್ನು ಕೂಡಿಡಬೇಕಾಗಿಲ್ಲ. 18 ಲಕ್ಷದಲ್ಲಿ ಆದಾಯ 9 ಲಕ್ಷ. 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ ತೆರಿಗೆ ಸೊನ್ನೆ. ಕಂಪನಿ ಅದೇ ಕಾಯ್ದೆಯ 194ಜೆ ಕಲಮಿನಡಿ ಬಿಲ್ಲಿನಲ್ಲೇ ಮುಂಗಡ ತೆರಿಗೆಯಾಗಿ ಹಿಡಿದುಕೊಂಡ ಹತ್ತು ಶೇಕಡಾ ಟಿಡಿಎಸ್, ಅಂದರೆ 1,80,000, ರಿಟರ್ನ್ ಸಲ್ಲಿಸಿದ ಮೇಲೆ ಮರಳಿ ಬರುತ್ತದೆ. ಒಂದು ಲ್ಯಾಪ್‌ಟಾಪ್ ಮತ್ತು ಮನೆಯ ಇಂಟರ್‌ನೆಟ್ ಬಿಟ್ಟರೆ ನನಗೆ ಹೇಳಿಕೊಳ್ಳುವಂಥ ಖರ್ಚೇ ಇರಲಿಲ್ಲವಾದ್ದರಿಂದ, ಸರ್ಕಾರ ಇಷ್ಟೊಂದು ಉದಾರವಾಗಿದೆಯೇ ಎಂದು ಆಗ ಅನುಮಾನಪಟ್ಟಿದ್ದೂ ಉಂಟು.

ಆ ಉದಾರತೆಯ ಇನ್ನೊಂದು ಮುಖ ಕಂಡದ್ದು ಅಪ್ಪನ ಶಸ್ತ್ರಚಿಕಿತ್ಸೆಯ ತಿಂಗಳಲ್ಲಿ. ಇಪ್ಪತ್ತೆರಡು ಕೆಲಸದ ದಿನಗಳಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಕಳೆದೆ. ಬಿಲ್ 75,000ಕ್ಕೆ ಇಳಿಯಿತು. ಅದೇ ತಂಡದಲ್ಲಿ ನೌಕರನಾಗಿದ್ದ ಗೆಳೆಯನ ತಂದೆತಾಯಿ ಕಂಪನಿಯ ಗುಂಪು ವಿಮೆಯಲ್ಲಿದ್ದರು. ನಾನು ಸ್ವಂತವಾಗಿ ಮಾಡಿಸಿದ್ದ ಪಾಲಿಸಿಯಲ್ಲಿ ಅಪ್ಪನ ಹಳೆಯ ಕಾಯಿಲೆಗೆ ಕಾಯುವ ಅವಧಿ ಇನ್ನೂ ಮುಗಿದಿರಲಿಲ್ಲ. ಇನ್ನು ಗ್ರಾಚ್ಯುಟಿ ಕೈತಪ್ಪಿತೆಂದು ನಾನು ಹೆಚ್ಚು ಮರುಗಲಿಲ್ಲ. ಕಾಯಂ ನೌಕರನಾಗಿದ್ದರೂ ಐದು ವರ್ಷ ತುಂಬುವ ಮೊದಲೇ ಬಿಟ್ಟಿದ್ದರೆ ಸಿಟಿಸಿಯಲ್ಲಿ ಬರೆದ ಆ ಮೊತ್ತ ಕಾಗದದ ಮೇಲೆಯೇ ಉಳಿಯುತ್ತಿತ್ತು. ಪಿಎಫ್ ಹಾಗಲ್ಲ: ಎರಡೂ ಕಡೆಯದು ಸೇರಿ ವರ್ಷಕ್ಕೆ 2,16,000, ನಮ್ಮ ಮನಸ್ಸಿನ ಚಂಚಲತೆಗೆ ಸಿಗದೆ, ತಾನಾಗಿಯೇ ಕೂಡುತ್ತಾ ಹೋಗುತ್ತದೆ. ನಾನು ಅಷ್ಟನ್ನು ಯಾವ ವರ್ಷವೂ ಉಳಿಸಲಿಲ್ಲ.

ದರ ಹೆಚ್ಚಿಸಲು ಕೇಳಿದಾಗಲೂ ತೊಡಕಿತ್ತು. ವರ್ಷದ ಬಿಲ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಿ, 18 ಶೇಕಡಾ ಸೇರಿಸಿ ಬಿಲ್ ಮಾಡಿ, ರಿಟರ್ನ್‌ಗಳ ಹಿಂದೆ ಓಡಾಡಬೇಕು. ಅದಕ್ಕೆ ಹೆದರಿ ತಿಂಗಳಿಗೆ 1,65,000 ಸಾಕು ಎಂದೆ. ಜಿಎಸ್‌ಟಿಯ ಹಣವನ್ನು ಕಂಪನಿ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳುತ್ತಿದ್ದುದರಿಂದ ಯಾರಿಗೂ ನಷ್ಟವಿರಲಿಲ್ಲ ಎಂಬುದು ತಡವಾಗಿ ಹೊಳೆಯಿತು.

ಮತ್ತೊಂದು ಅಪಾಯವನ್ನು ನಾನು ಗಮನಿಸಿಯೇ ಇರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಹಾಜರಿ, ಮ್ಯಾನೇಜರರ ಅನುಮತಿಯಿಲ್ಲದೆ ರಜೆಯಿಲ್ಲ, ಇನ್ನೊಬ್ಬರ ಕೆಲಸ ಹಿಡಿಯುವಂತಿಲ್ಲ. ಇದು ಹೆಸರಿಗೆ ಮಾತ್ರ ಕನ್ಸಲ್ಟೆನ್ಸಿ. ಕೆಲಸವನ್ನು ಹೇಗೆ ಮಾಡಬೇಕೆಂಬುದರ ಮೇಲಿನ ಹತೋಟಿ ಯಾರದ್ದು ಎಂಬುದೇ ಮುಖ್ಯವೆಂದು ಸುಪ್ರೀಂ ಕೋರ್ಟ್ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ, 1956ರಷ್ಟು ಹಿಂದೆಯೇ ಹೇಳಿದೆ. ತೆರಿಗೆ ಇಲಾಖೆಯೂ ಅದೇ ಕಣ್ಣಿನಿಂದ ನೋಡಿ ಇದನ್ನು ಸಂಬಳವೆಂದು ನಿರ್ಧರಿಸಿದರೆ 44ಎಡಿಎಯ ಅರ್ಧ ಉಳಿಯುವುದಿಲ್ಲ.

ಕಡೆಗೆ ಗೃಹಸಾಲಕ್ಕೆಂದು ಒಂದು ಬ್ಯಾಂಕಿಗೆ ಹೋದೆ. ಅಧಿಕಾರಿ ನನ್ನ ರಿಟರ್ನ್ ಪುಟಗಳನ್ನು ತಿರುವಿ, ಪೆನ್ಸಿಲ್ಲಿನಲ್ಲಿ ಒಂದು ಅಂಕಿಗೆ ಸುತ್ತು ಹಾಕಿ, "ನಿಮ್ಮ ಆದಾಯ ಒಂಬತ್ತು ಲಕ್ಷ ಅಲ್ವಾ ಸರ್?" ಎಂದರು. ಬಂದದ್ದು ಹದಿನೆಂಟು ಎಂದು ಹೇಳಿದೆ. "ನೀವೇ ಸಹಿ ಮಾಡಿ ಕೊಟ್ಟಿರೋದು ಒಂಬತ್ತು" ಎಂದು ಪುಟವನ್ನು ನನ್ನ ಕಡೆ ತಿರುಗಿಸಿದರು. ಮರುವರ್ಷ ಬೇರೆ ಕಡೆ ನೌಕರಿಗೆ ಸೇರಿ, ಆರು ತಿಂಗಳ ಸಂಬಳದ ಸ್ಲಿಪ್ಪುಗಳನ್ನು ಹಿಡಿದುಕೊಂಡು ಅದೇ ಮೇಜಿನ ಮುಂದೆ ಹೋಗಿ ಕುಳಿತೆ.